ಮೌಸ್ ಇಲ್ಲದೆ ಕ್ಯಾಡ್: ಕೀಲಿಮಣೆಯಿಂದಲೇ ಒಂದು ಡ್ರಾಯಿಂಗ್ ಮುಗಿಸುವ ಕ್ರಮ

ಕ್ಯಾಡ್ (ಕಂಪ್ಯೂಟರಿನಲ್ಲಿ ಅಳತೆಯ ಡ್ರಾಯಿಂಗ್ ಬಿಡಿಸುವುದು) ಎಂದರೆ ಮೌಸ್ ಹಿಡಿದು ಗೆರೆ ಎಳೆಯುವುದು ಎಂದುಕೊಂಡವರೇ ಈಗ ಹೆಚ್ಚು. ಆದರೆ ಕ್ಯಾಡ್ ಹುಟ್ಟಿದ್ದು ಮೌಸ್‌ಗಿಂತ ಮೊದಲು. ಇವಾನ್ ಸದರ್ಲೆಂಡ್ ಎಂಐಟಿಯಲ್ಲಿ ತೆರೆಯ ಮೇಲೆ ಚಿತ್ರ ಬಿಡಿಸುವ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ತಯಾರಿಸಿ ತೋರಿಸಿದ್ದು 1963ರಲ್ಲಿ. ಡಗ್ಲಾಸ್ ಎಂಗಲ್‌ಬಾರ್ಟ್ ಸಾರ್ವಜನಿಕವಾಗಿ ಮೌಸ್ ಓಡಿಸಿ ತೋರಿಸಿದ್ದು 1968ರ ಡಿಸೆಂಬರ್‌ನಲ್ಲಿ. ಆಟೋಕ್ಯಾಡ್ ಎಂಬ ಕ್ಯಾಡ್ ಪ್ರೋಗ್ರಾಂನ ಮೊದಲ ಆವೃತ್ತಿ 1982ರ ಕೊನೆಯಲ್ಲಿ ಬಂದಾಗಲೂ ಹೆಚ್ಚಿನ ಪಿಸಿಗಳಿಗೆ ಮೌಸ್ ಇರಲಿಲ್ಲ. ಆದರೂ ಯಂತ್ರದ ಬಿಡಿಭಾಗ, ಕಟ್ಟಡದ ಪ್ಲಾನ್, ಪೈಪ್ ಲೈನ್ ಎಲ್ಲವನ್ನೂ ಜನ ಬಿಡಿಸಿದರು, ಅದೂ ಮಿಲಿಮೀಟರ್ ತಪ್ಪದಂತೆ.

ಆ ಕೆಲಸ ನಡೆಯುತ್ತಿದ್ದ ಬಗೆಯನ್ನು ಒಂದು ಉದಾಹರಣೆಯ ಮೂಲಕ, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಹಳೆಯ ಪಿಸಿ ಹುಡುಕಿಕೊಂಡು ಹೋಗಬೇಕಿಲ್ಲ. ಇಂದಿನ ಆಟೋಕ್ಯಾಡ್‌ನ ಕಮಾಂಡ್ ಲೈನ್ (ಆದೇಶ ಟೈಪ್ ಮಾಡುವ ಸಾಲು) ಈ ಹಳೆಯ ಭಾಷೆಯನ್ನು ಈಗಲೂ ಕೇಳುತ್ತದೆ. ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲೂ ಗೆರೆ, ವೃತ್ತ ಬಿಡಿಸುವ ಭಾಗ ನಡೆಯುತ್ತದೆ. ಕಮಾಂಡ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಕೀಗಳಲ್ಲೇ. ಪ್ರತಿ ಸಾಲಿನ ನಂತರ ಎಂಟರ್ ಒತ್ತಬೇಕು.

ಇಂದಿನ ಆಟೋಕ್ಯಾಡ್ ಬಳಸುವವರು ಮೊದಲೇ ಒಂದು ಕೆಲಸ ಮಾಡಿಕೊಳ್ಳಿ: ಎಫ್12 ಒತ್ತಿ ಡೈನಾಮಿಕ್ ಇನ್‌ಪುಟ್ ಆಫ್ ಮಾಡಿ. 2006ರ ಆವೃತ್ತಿಯಿಂದ ಬಂದ ಈ ಸೌಲಭ್ಯ ಆನ್ ಆಗಿದ್ದರೆ, ನೀವು ಟೈಪ್ ಮಾಡುವ ಎರಡನೆಯ ಬಿಂದುವನ್ನು ಅದು ಹಿಂದಿನ ಬಿಂದುವಿನಿಂದ ಅಳೆದ ದೂರ ಎಂದು ತಿಳಿದುಬಿಡುತ್ತದೆ. ಆಗ ಕೆಳಗಿನ ಅಂಕಿಗಳೆಲ್ಲ ತಲೆಕೆಳಗು.

ಕೈಯಲ್ಲಿ ಏನಿತ್ತು

ಮೌಸ್ ಇಲ್ಲದ ಕಾಲ ಎಂದರೆ ತೆರೆಯ ಮೇಲೆ ತೋರಿಸುವ ಸಾಧನವೇ ಇರದ ಕಾಲ ಎಂದಲ್ಲ. ಸ್ಕೆಚ್‌ಪ್ಯಾಡ್ ನಡೆದದ್ದು ಲೈಟ್ ಪೆನ್ನಿನಿಂದ. ತೆರೆಯ ಮೇಲಿನ ಗೆರೆ ಬೆಳಗಿದ ಕ್ಷಣವನ್ನು ಪೆನ್ನಿನೊಳಗಿನ ಸಂವೇದಕ ಹಿಡಿಯುತ್ತದೆ. ಆ ಕ್ಷಣದಲ್ಲಿ ಯಾವ ಗೆರೆ ಬಿಡಿಸುತ್ತಿದ್ದೆ ಎಂಬುದು ಕಂಪ್ಯೂಟರಿಗೆ ಗೊತ್ತು. ಹಾಗಾಗಿ ಪೆನ್ನು ಯಾವುದನ್ನು ತೋರಿಸುತ್ತಿದೆ ಎಂಬುದೂ ಗೊತ್ತಾಗುತ್ತದೆ. 1964ರ ಐಬಿಎಂ 2250 ಟರ್ಮಿನಲ್‌ನಲ್ಲೂ ಇದೇ ಪೆನ್ನು ಸಿಗುತ್ತಿತ್ತು, ಜೊತೆಗೆ ಎಡಗೈಗೆ 32 ಗುಂಡಿಗಳ ಪ್ರತ್ಯೇಕ ಹಲಗೆ. ಲಾಕ್‌ಹೀಡ್ ಕಂಪನಿಯ ಕ್ಯಾಡಮ್ ಎಂಬ ಕ್ಯಾಡ್ ಪ್ರೋಗ್ರಾಂ ಬೆಳೆದದ್ದು ಈ ಬಗೆಯ ಸಲಕರಣೆಯ ಮೇಲೆ. ಪೆನ್ನಿನ ದೊಡ್ಡ ತೊಂದರೆ ತಾಂತ್ರಿಕವಾದದ್ದಲ್ಲ, ತೋಳಿನದು. ನೆಟ್ಟಗೆ ನಿಂತ ತೆರೆಗೆ ದಿನವಿಡೀ ಕೈ ಚಾಚಿಕೊಂಡು ಕೂರುವುದು ಯಾರಿಂದಾದೀತು?

1972ರಿಂದ ಬಂದ ಟೆಕ್ಟ್ರಾನಿಕ್ಸ್ 4010 ಸಾಲಿನ ಟರ್ಮಿನಲ್‌ಗಳಲ್ಲಿ ಎರಡು ಪುಟ್ಟ ಚಕ್ರಗಳಿದ್ದವು. ಹೆಬ್ಬೆರಳಿನಿಂದ ಒಂದನ್ನು ತಿರುಗಿಸಿದರೆ ಅಡ್ಡ ಗೆರೆ, ಇನ್ನೊಂದನ್ನು ತಿರುಗಿಸಿದರೆ ಲಂಬ ಗೆರೆ ಸರಿಯುತ್ತಿತ್ತು. ಆ ತೆರೆ ಬಿಡಿಸಿದ್ದನ್ನು ತಾನೇ ಹಿಡಿದಿಟ್ಟುಕೊಳ್ಳುತ್ತಿತ್ತು. ಅದರಿಂದ ಮೆಮೊರಿ ಉಳಿಯಿತು, ಆದರೆ ಒಂದೇ ಒಂದು ಗೆರೆ ಅಳಿಸಬೇಕೆಂದರೂ ಇಡೀ ತೆರೆಯನ್ನು ಒಮ್ಮೆ ಹಸಿರಾಗಿ ಮಿಂಚಿಸಿ ಖಾಲಿ ಮಾಡಿ, ಎಲ್ಲವನ್ನೂ ಮೊದಲಿನಿಂದ ಬಿಡಿಸಬೇಕಿತ್ತು.

ಪಿಸಿಯ ಕಾಲಕ್ಕೆ ಬಂದರೆ ಉಳಿದದ್ದು ಎರಡು: ದುಡ್ಡಿದ್ದವರಿಗೆ ಡಿಜಿಟೈಸರ್ ಟ್ಯಾಬ್ಲೆಟ್, ಎಲ್ಲರಿಗೂ ಕೀಬೋರ್ಡ್. ಟ್ಯಾಬ್ಲೆಟ್ ಬಗ್ಗೆ ಮುಂದೆ ಹೇಳುತ್ತೇನೆ. ಮೊದಲು ಕೀಬೋರ್ಡ್, ಏಕೆಂದರೆ ನಿಖರತೆ ಬರುತ್ತಿದ್ದದ್ದು ಅದರಿಂದಲೇ. ಟ್ಯಾಬ್ಲೆಟ್ ಇದ್ದವರೂ ಅಳತೆಯನ್ನು ಟೈಪ್ ಮಾಡಿಯೇ ಕೊಡುತ್ತಿದ್ದರು.

ಮೊದಲು ಕಾಗದ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಕೈಯಲ್ಲಿ ಒಂದು ಕಚ್ಚಾ ಚಿತ್ರ ಇರಲೇಬೇಕು. ಮೌಸ್ ಇದ್ದವರು ಬಿಡಿಸುತ್ತಾ ಯೋಚಿಸಬಹುದು. ಕೀಬೋರ್ಡ್ ಮಾತ್ರ ಇದ್ದವರು ಯೋಚಿಸಿ ಮುಗಿಸಿದ ಮೇಲೆ ಬಿಡಿಸಬೇಕು. ಇದನ್ನು ಕೊರತೆ ಎಂದು ನಾನು ಎಣಿಸುವುದಿಲ್ಲ. ಅಳತೆ ಗೊತ್ತಿಲ್ಲದ ಗೆರೆಯನ್ನು ಟೈಪ್ ಮಾಡಲು ಬರುವುದಿಲ್ಲ, ಹಾಗಾಗಿ ಡ್ರಾಯಿಂಗ್‌ನಲ್ಲಿ ಅಂದಾಜಿನ ಗೆರೆ ಒಂದೂ ಉಳಿಯುವುದಿಲ್ಲ.

ನಮ್ಮ ಉದಾಹರಣೆ ಒಂದು ಲೋಹದ ಪಟ್ಟಿ: ಉದ್ದ 160 ಮಿಮೀ, ಎತ್ತರ 100 ಮಿಮೀ. ಮೇಲಿನ ಬಲ ಮೂಲೆಯನ್ನು ಎರಡೂ ಕಡೆ 30 ಮಿಮೀ ಬಿಟ್ಟು ಓರೆಯಾಗಿ ಕತ್ತರಿಸಿದೆ. ಉಳಿದ ಮೂರು ಮೂಲೆಗಳಲ್ಲಿ, ಎರಡೂ ಅಂಚಿನಿಂದ 20 ಮಿಮೀ ಒಳಗೆ, 12 ಮಿಮೀ ವ್ಯಾಸದ ತೂತು. ನಡುವೆ 20 ಮಿಮೀ ಅಗಲದ, ಎರಡೂ ತುದಿ ದುಂಡಗಿರುವ ಒಂದು ಸ್ಲಾಟ್ (ಉದ್ದನೆಯ ತೂತು).

ಕಾಗದದ ಮೇಲೆ ಇದನ್ನು ಬಿಡಿಸಿ ಎಲ್ಲ ಮೂಲೆಗಳಿಗೂ ನಿರ್ದೇಶಾಂಕ ಬರೆಯಿರಿ. ಎ4 ಹಾಳೆಯನ್ನು ಅಡ್ಡ ಇಟ್ಟರೆ 297 ಕ್ಕೆ 210 ಮಿಮೀ. ಅಳತೆ ಗೆರೆಗಳಿಗೆ, ಶೀರ್ಷಿಕೆ ಪಟ್ಟಿಗೆ ಜಾಗ ಬಿಟ್ಟು ಪಟ್ಟಿಯ ಕೆಳಗಿನ ಎಡ ಮೂಲೆಯನ್ನು 60,50 ಎಂದು ಇಡೋಣ. ಆಗ ಹೊರ ಅಂಚಿನ ಮೂಲೆಗಳು ಅಪ್ರದಕ್ಷಿಣವಾಗಿ 60,50, 220,50, 220,120, 190,150, 60,150. ತೂತುಗಳ ಕೇಂದ್ರ 80,70, 200,70, 80,130. ಸ್ಲಾಟ್‌ನ ಎರಡು ತುದಿಗಳ ಕೇಂದ್ರ 125,100 ಮತ್ತು 155,100.

ಈ ಹಾಳೆಯನ್ನು ಕೆಲಸ ಮುಗಿಯುವವರೆಗೂ ಎಸೆಯಬೇಡಿ.

ಹಾಳೆ ಸಿದ್ಧಪಡಿಸುವುದು

ಡಾಸ್ (ವಿಂಡೋಸ್‌ಗೆ ಮೊದಲಿನ ಪಿಸಿ ವ್ಯವಸ್ಥೆ) ಕಾಲದ ಆಟೋಕ್ಯಾಡ್ ತೆರೆದರೆ ಡ್ರಾಯಿಂಗ್ ಕಾಣುತ್ತಿರಲಿಲ್ಲ. ಅಂಕಿ ಹಾಕಿದ ಒಂದು ಪಟ್ಟಿ ಬರುತ್ತಿತ್ತು. 1 ಒತ್ತಿದರೆ ಹೊಸ ಡ್ರಾಯಿಂಗ್, 2 ಒತ್ತಿದರೆ ಹಳೆಯದನ್ನು ತಿದ್ದುವುದು, 3 ಪ್ಲಾಟರ್‌ಗೆ (ಡ್ರಾಯಿಂಗನ್ನು ಪೆನ್ನಿನಿಂದ ಕಾಗದಕ್ಕೆ ಇಳಿಸುವ ಯಂತ್ರ), 0 ಹೊರಗೆ. ಡ್ರಾಯಿಂಗ್‌ಗೆ ಎಂಟು ಅಕ್ಷರ ಮೀರದ ಹೆಸರು. ಇಂದು ಹೊಸ ಫೈಲ್ ತೆರೆದರೆ ಸಾಕು, ಮೆಟ್ರಿಕ್ ಟೆಂಪ್ಲೇಟ್ ಆರಿಸಿ. ನಂತರ ಹೀಗೆ:

ಲಿಮಿಟ್ಸ್
0,0
297,210
ಝೂಮ್
ಎ

ಮೊದಲ ಮೂರು ಸಾಲು ಹಾಳೆಯ ಗಡಿ ಹೇಳುತ್ತವೆ. ಕೊನೆಯ ಎರಡು ಆ ಗಡಿಯನ್ನು ತೆರೆಗೆ ಹೊಂದಿಸುತ್ತವೆ. ಈ ಎರಡನ್ನು ಮರೆತರೆ ಗಡಿ ಬದಲಾಗಿರುತ್ತದೆ, ತೆರೆ ಮಾತ್ರ ಹಳೆಯದನ್ನೇ ತೋರಿಸುತ್ತಿರುತ್ತದೆ.

ದೊಡ್ಡ ವಸ್ತುವಾದರೆ? ಆಗಲೂ ವಸ್ತುವನ್ನು ನಿಜ ಅಳತೆಯಲ್ಲೇ ಬಿಡಿಸಿ, ಹಾಳೆಯನ್ನು ಹಿಗ್ಗಿಸಿ. ಒಂದು ಕಟ್ಟಡವನ್ನು ಎ3 ಹಾಳೆಯಲ್ಲಿ 1:50 ರಲ್ಲಿ ತೆಗೆಯುವುದಾದರೆ ಹಾಳೆಯ 420 ಮತ್ತು 297 ನ್ನು 50 ರಿಂದ ಗುಣಿಸಿ. ಗಡಿ 21000,14850 ಆಗುತ್ತದೆ. ಅಕ್ಷರದ ಎತ್ತರಕ್ಕೂ ಇದೇ ಲೆಕ್ಕ. ಕಾಗದದ ಮೇಲೆ 3 ಮಿಮೀ ಕಾಣಬೇಕಾದ ಅಕ್ಷರವನ್ನು 150 ಎಂದು ಕೊಡಬೇಕು. ಕೈಯಲ್ಲಿ ಡ್ರಾಯಿಂಗ್ ಮಾಡಿ ಪಳಗಿದವರು ಹೆಚ್ಚು ಎಡವುತ್ತಿದ್ದದ್ದು ಇಲ್ಲೇ. ಗೆರೆ ಎಳೆಯುವ ಮೊದಲೇ ಸ್ಕೇಲಿಗೆ ಇಳಿಸಿ ಅಭ್ಯಾಸವಾದ ಕೈಗೆ, ಸ್ಕೇಲ್ ಕೊನೆಯಲ್ಲಿ ಬರುತ್ತದೆ ಎಂಬುದು ಒಗ್ಗಲು ಸಮಯ ಬೇಕು.

ಸ್ನ್ಯಾಪ್ (ಕರ್ಸರ್ ಸರಿಯುವ ಹೆಜ್ಜೆಯ ಅಳತೆ) ಅನ್ನು 5 ಕ್ಕೆ, ಗ್ರಿಡ್ (ತೆರೆಯ ಮೇಲೆ ಕಾಣುವ ಚುಕ್ಕೆಗಳ ಜಾಲ) ಅನ್ನು 10 ಕ್ಕೆ ಇಡಿ. ಅಂಕಿ ಟೈಪ್ ಮಾಡುವಾಗ ಸ್ನ್ಯಾಪ್ ಅಡ್ಡ ಬರುವುದಿಲ್ಲ. ಬಾಣದ ಕೀ ಬಳಸುವಾಗ ನೆರವಾಗುತ್ತದೆ. ಲೇಯರ್‌ಗಳನ್ನೂ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳು) ಈಗಲೇ ಮಾಡಿಕೊಳ್ಳಿ: ಹೊರಗೆರೆಗೆ ಒಂದು, ಮಧ್ಯರೇಖೆಗೆ ಒಂದು, ಅಳತೆಗೆ ಒಂದು, ಪ್ರತಿಯೊಂದಕ್ಕೂ ಬೇರೆ ಬಣ್ಣ. ಒಂದೇ ಬಣ್ಣದ ತೆರೆಯಲ್ಲಿ ಕೆಲಸ ಮಾಡುವವರೂ ಬಣ್ಣಗಳನ್ನು ಬೇರೆ ಬೇರೆಯಾಗಿಯೇ ಇಡುತ್ತಿದ್ದರು. ಕಾರಣ ಪ್ಲಾಟರ್ ಬಳಿ ಹೋದಾಗ ತಿಳಿಯುತ್ತದೆ.

ಒಂದು ಬಿಂದುವನ್ನು ಹೇಳುವ ನಾಲ್ಕು ದಾರಿ

ಇಡೀ ವಿದ್ಯೆ ಇರುವುದು ಇಲ್ಲಿ. ಇದು ಕೈಗೆ ಬಂದರೆ ಮಿಕ್ಕದ್ದು ಬರಿಯ ಕಮಾಂಡ್ ಪಟ್ಟಿ.

ಮೊದಲನೆಯದು ನೇರ ನಿರ್ದೇಶಾಂಕ: 220,50. ಮೂಲಬಿಂದುವಿನಿಂದ ಬಲಕ್ಕೆ 220, ಮೇಲಕ್ಕೆ 50. ಅಲ್ಪವಿರಾಮದ ನಂತರ ಜಾಗ ಬಿಡಬೇಡಿ; ಆಟೋಕ್ಯಾಡ್‌ಗೆ ಸ್ಪೇಸ್ ಕೀ ಎಂದರೂ ಎಂಟರ್ ಎಂದೇ ಅರ್ಥ.

ಎರಡನೆಯದು ಸಾಪೇಕ್ಷ: @160,0. ಈ ಸುಳಿ ಚಿಹ್ನೆಗೆ "ಕೊನೆಯ ಬಿಂದುವಿನಿಂದ" ಎಂದು ಅರ್ಥ. ಎಡಕ್ಕೆ ಅಥವಾ ಕೆಳಕ್ಕೆ ಹೋಗಲು ಋಣ ಚಿಹ್ನೆ.

ಮೂರನೆಯದು ದೂರ ಮತ್ತು ಕೋನ: @70<90. ಪೂರ್ವ ದಿಕ್ಕು 0 ಡಿಗ್ರಿ, ಅಲ್ಲಿಂದ ಅಪ್ರದಕ್ಷಿಣವಾಗಿ ಎಣಿಕೆ. ಹಾಗಾಗಿ ಮೇಲಕ್ಕೆ 90, ಎಡಕ್ಕೆ 180, ಕೆಳಕ್ಕೆ 270. ಸರ್ವೆ ಮಾಡಿದವರಿಗೆ ಇದು ಮೊದಮೊದಲು ಕಿರಿಕಿರಿ, ಏಕೆಂದರೆ ಅವರ ಎಣಿಕೆ ಉತ್ತರದಿಂದ ಪ್ರದಕ್ಷಿಣವಾಗಿ ಸಾಗುತ್ತದೆ.

ನಾಲ್ಕನೆಯದು ಬರಿಯ @. ಕೊನೆಯ ಬಿಂದುವೇ ಮತ್ತೆ.

ಯಾವುದನ್ನು ಯಾವಾಗ? ಅಡ್ಡ, ಲಂಬ ಗೆರೆಗಳಿಗೆ ಎರಡನೆಯದೋ ಮೂರನೆಯದೋ ಸರಿ. ಓರೆ ಗೆರೆಗೆ ಮಾತ್ರ ಎಚ್ಚರ. ನಮ್ಮ ಪಟ್ಟಿಯ ಕತ್ತರಿಸಿದ ಮೂಲೆಯ ಉದ್ದ 30 ರ ಕರ್ಣ, ಅಂದರೆ 42.4264 ಚಿಲ್ಲರೆ. ಯಾರಾದರೂ ಅದನ್ನು @42.43<135 ಎಂದು ಟೈಪ್ ಮಾಡಿದರೆ ಏನಾಗುತ್ತದೆ ನೋಡಿ. ಗೆರೆಯ ತುದಿ 190,150 ಕ್ಕೆ ಬೀಳುವ ಬದಲು 189.9975,150.0025 ಕ್ಕೆ ಬೀಳುತ್ತದೆ. ಅಲ್ಲಿಂದ ಎಡಕ್ಕೆ 130 ಹೋದರೆ 59.9975. ಕೊನೆಯಲ್ಲಿ ಆಕೃತಿ ಮುಚ್ಚಿದಾಗ ಎಡ ಅಂಚು ನೆಟ್ಟಗಿರದೆ ಒಂದು ಕೂದಲೆಳೆಯಷ್ಟು ವಾಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಅಳತೆ ಹಾಕುವಾಗ 100.0025 ಎಂದು ತಲೆ ಎತ್ತುತ್ತದೆ, ಅಥವಾ ಆ ಅಂಚಿಗೆ ಸಮಾಂತರವಾಗಿ ಇನ್ನೊಂದನ್ನು ಕೂರಿಸಲು ಹೋದಾಗ ಕೈಕೊಡುತ್ತದೆ. ಓರೆಯ ಎರಡು ಕಡೆಯ ಅಳತೆ ಗೊತ್ತಿದ್ದರೆ @-30,30 ಎಂದೇ ಕೊಡಿ. ಕೋನವೇ ಮೂಲ ಅಳತೆಯಾಗಿದ್ದಾಗ ಮಾತ್ರ ಮೂರನೆಯ ದಾರಿ ಹಿಡಿಯಿರಿ.

ಪಟ್ಟಿ ಬಿಡಿಸೋಣ

ಲೈನ್
60,50
@160,0
@0,70
@-30,30
@-130,0
ಸಿ

ಕೊನೆಯ ಸಿ ಅಕ್ಷರ ಆಕೃತಿಯನ್ನು ಮೊದಲ ಬಿಂದುವಿಗೆ ಮುಚ್ಚುತ್ತದೆ. ಕೊನೆಯ ಗೆರೆಯನ್ನು @0,-100 ಎಂದು ಕೊಟ್ಟರೂ ಅಲ್ಲಿಗೇ ತಲುಪುತ್ತದೆ, ಆದರೆ ಸಿ ಒತ್ತುವುದರಲ್ಲಿ ಒಂದು ಲಾಭವಿದೆ: ನಡುವೆ ಎಲ್ಲೋ ಅಡ್ಡ ಅಳತೆಯ ಅಂಕಿ ತಪ್ಪಿದ್ದರೆ ಮುಚ್ಚುವ ಗೆರೆ ಓರೆಯಾಗಿ ಬಂದು ನಿಮ್ಮನ್ನು ಎಚ್ಚರಿಸುತ್ತದೆ. ಒಂದು ಬಿಂದು ತಪ್ಪಾಯಿತೆಂದು ಕೂಡಲೇ ಗೊತ್ತಾದರೆ ಲೈನ್ ಕಮಾಂಡ್ ಒಳಗಿರುವಾಗಲೇ ಯು ಒತ್ತಿ. ಕೊನೆಯ ಗೆರೆ ಮಾತ್ರ ಹೋಗುತ್ತದೆ, ಮುಂದುವರಿಸಬಹುದು.

ಈಗ ತೂತುಗಳು. ಕಾಗದದಲ್ಲಿ ಬರೆದ ನಿರ್ದೇಶಾಂಕವನ್ನೇ ಟೈಪ್ ಮಾಡಬಹುದು. ಆದರೆ ಬಿಡಿಭಾಗದ ಡ್ರಾಯಿಂಗ್‌ಗಳಲ್ಲಿ ಅಳತೆ ಬರುವುದು ಹಾಳೆಯ ಮೂಲೆಯಿಂದಲ್ಲ, ವಸ್ತುವಿನ ಮೂಲೆಯಿಂದ. ಮೂಲಬಿಂದುವನ್ನು ಬೇಕಾದಲ್ಲಿಗೆ ಎತ್ತಿಡುವ ಯುಸಿಎಸ್ ಸೌಲಭ್ಯ ಆಟೋಕ್ಯಾಡ್‌ಗೆ ಬಂದದ್ದು 1988ರ 10ನೇ ಬಿಡುಗಡೆಯಲ್ಲಿ. ಅದಕ್ಕೂ ಮೊದಲು ಜನ ಐಡಿ ಎಂಬ ಕಮಾಂಡ್ ಹಿಡಿದಿದ್ದರು. ಅದರ ಕೆಲಸ ಒಂದು ಬಿಂದುವಿನ ನಿರ್ದೇಶಾಂಕ ತಿಳಿಸುವುದು, ಅಷ್ಟೇ. ಆದರೆ ತಿಳಿಸಿದ ಮೇಲೆ ಅದೇ "ಕೊನೆಯ ಬಿಂದು" ಎಂದು ಉಳಿದುಕೊಳ್ಳುತ್ತದೆ:

ಐಡಿ
60,50
ಸರ್ಕಲ್
@20,20
6

ಮೂಲೆಯಿಂದ 20, 20 ಒಳಗೆ, ತ್ರಿಜ್ಯ 6. ಕಳೆಯುವ ಕೂಡಿಸುವ ಲೆಕ್ಕವೇ ಬೇಡ. ಈಗ ಕೊನೆಯ ಬಿಂದು ಈ ವೃತ್ತದ ಕೇಂದ್ರ, 80,70. ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಬರುತ್ತದೆ. @120,0 ಕೊಟ್ಟು 6. ಮತ್ತೆ ಎಂಟರ್, @-120,60 ಕೊಟ್ಟು 6. ಮೂರು ತೂತೂ ಮುಗಿದವು. ಲಿಬ್ರೆಕ್ಯಾಡ್‌ನಲ್ಲಿ ಮಾಡುವವರು 80,70, 200,70, 80,130 ಎಂದು ನೇರವಾಗಿ ಕೊಡಿ.

ಸ್ಲಾಟ್‌ನಲ್ಲಿ ಒಂದು ಸೊಗಸಾದ ಉಪಾಯ ಅಡಗಿದೆ, ಇದು ಆಟೋಕ್ಯಾಡ್‌ನದು. ಆರ್ಕ್ ಕಮಾಂಡ್ ಕೊಟ್ಟು ಮೊದಲ ಬಿಂದು ಕೇಳಿದಾಗ ಏನೂ ಟೈಪ್ ಮಾಡದೆ ಎಂಟರ್ ಒತ್ತಿದರೆ, ಹಿಂದಿನ ಗೆರೆ ಎಲ್ಲಿ ಮುಗಿಯಿತೋ ಅಲ್ಲಿಂದ, ಅದೇ ದಿಕ್ಕಿಗೆ ನಯವಾಗಿ ತಿರುಗುವ ಕಂಸ ಶುರುವಾಗುತ್ತದೆ. ತುದಿ ಹೇಳಿದರೆ ಸಾಕು. ಹಾಗೆಯೇ ಕಂಸದ ನಂತರ ಲೈನ್ ಕೊಟ್ಟು ಬರಿಯ ಎಂಟರ್ ಒತ್ತಿದರೆ, ಅದು ಉದ್ದವನ್ನು ಮಾತ್ರ ಕೇಳುತ್ತದೆ. ದಿಕ್ಕು ಕಂಸದಿಂದಲೇ ತಿಳಿಯುತ್ತದೆ.

ಲೈನ್
125,90
155,90
(ಇಲ್ಲಿ ಇನ್ನೊಂದು ಎಂಟರ್, ಲೈನ್ ಮುಗಿಯಲಿ)
ಆರ್ಕ್
(ಬರಿಯ ಎಂಟರ್)
155,110
ಲೈನ್
(ಬರಿಯ ಎಂಟರ್)
30
(ಇನ್ನೊಂದು ಎಂಟರ್)
ಆರ್ಕ್
(ಬರಿಯ ಎಂಟರ್)
125,90

ಕೇಂದ್ರವನ್ನಾಗಲಿ, ತ್ರಿಜ್ಯವನ್ನಾಗಲಿ ಎಲ್ಲೂ ಹೇಳಲಿಲ್ಲ. ಪೂರ್ವಕ್ಕೆ ಹೊರಟ ಗೆರೆ 20 ಮಿಮೀ ಮೇಲೆ ತಲುಪಬೇಕಾದರೆ ಅದು ಅರ್ಧವೃತ್ತವೇ ಆಗಬೇಕು. ಮೌಸ್ ಹಿಡಿದು ಇದೇ ಸ್ಲಾಟನ್ನು ಬಿಡಿಸಿ ನೋಡಿ, ಇದಕ್ಕಿಂತ ಬೇಗ ಆಗುವುದಿಲ್ಲ ಎಂದು ನನ್ನ ಎಣಿಕೆ.

ಬಾಣದ ಕೀಗಳು

ಅಂಕಿ ಇಲ್ಲದ ಕೆಲಸಗಳೂ ಇರುತ್ತವೆ: ಟಿಪ್ಪಣಿ ಎಲ್ಲಿ ಇಡುವುದು, ಯಾವ ಗೆರೆ ಅಳಿಸುವುದು. ಡಾಸ್ ಆಟೋಕ್ಯಾಡ್‌ನಲ್ಲಿ ಇದಕ್ಕೆ ಬಾಣದ ಕೀಗಳಿದ್ದವು. ಒಂದು ಬಾಣ ಒತ್ತಿದರೆ ತೆರೆಯ ಅಡ್ಡ-ಲಂಬ ಗೆರೆಗಳ ಕರ್ಸರ್ ಆ ಕಡೆ ಒಂದು ಹೆಜ್ಜೆ ಸರಿಯುತ್ತದೆ. ಪೇಜ್ ಅಪ್ ಒತ್ತಿದರೆ ಹೆಜ್ಜೆ ದೊಡ್ಡದು, ಪೇಜ್ ಡೌನ್ ಒತ್ತಿದರೆ ಚಿಕ್ಕದು. ಬೇಕಾದಲ್ಲಿ ನಿಂತ ಮೇಲೆ ಎಂಟರ್. ಇನ್ಸರ್ಟ್ ಕೀ ಒತ್ತಿದರೆ ಬಲ ಅಂಚಿನ ಮೆನುಗೆ ಹೋಗಿ, ಅಲ್ಲಿ ಮೇಲೆ ಕೆಳಗೆ ಓಡಾಡಿ ಕಮಾಂಡ್ ಆರಿಸಬಹುದಿತ್ತು.

ದೂರ ಹೋಗುವಾಗ ದೊಡ್ಡ ಹೆಜ್ಜೆ, ಹತ್ತಿರ ಬಂದಾಗ ಚಿಕ್ಕದು ಎಂದು ಬದಲಿಸುತ್ತಾ ಹೋದರೆ ನಾಲ್ಕಾರು ಒತ್ತುಗಳಲ್ಲಿ ತಲುಪಬಹುದು. ಸ್ನ್ಯಾಪ್ ಆನ್ ಇದ್ದರೆ ಕರ್ಸರ್ ಸ್ನ್ಯಾಪ್ ಬಿಂದುಗಳ ಮೇಲೇ ಕುಪ್ಪಳಿಸುತ್ತದೆ. ಎಫ್9 ಸ್ನ್ಯಾಪ್‌ಗೆ, ಎಫ್8 ಆರ್ಥೋಗೆ (ಗೆರೆ ಅಡ್ಡ ಇಲ್ಲವೇ ಲಂಬವಾಗಿಯೇ ಸಾಗುವಂತೆ ಮಾಡುವುದು), ಎಫ್7 ಗ್ರಿಡ್‌ಗೆ. ಆ ಮೂರು ಕೀಗಳು ಇಂದಿಗೂ ಅದೇ ಕೆಲಸ ಮಾಡುತ್ತಿವೆ. ಎಫ್1 ಮಾತ್ರ ಬದಲಾಗಿದೆ. ಆಗ ಅದು ಚಿತ್ರದಿಂದ ಬರಹದ ತೆರೆಗೆ ಹೊರಳಿಸುತ್ತಿತ್ತು, ಈಗ ಸಹಾಯ ಪುಟ ತೆರೆಯುತ್ತದೆ.

ಬಾಣದಿಂದ ಅಳತೆಯ ಕೆಲಸ ಮಾಡಲು ಹೋಗಬೇಡಿ. ಆ ಕಾಲದಲ್ಲಿ ತೆರೆಗೆ ಚಿತ್ರ ಕಳಿಸುತ್ತಿದ್ದ ಸಿಜಿಎ ಕಾರ್ಡಿನ ತೆರೆಯಲ್ಲಿ ಅಡ್ಡಕ್ಕೆ 640, ಎತ್ತರಕ್ಕೆ 200 ಚುಕ್ಕೆ. ಹರ್ಕ್ಯುಲಿಸ್ ಕಾರ್ಡಿನಲ್ಲಿ 720 ಕ್ಕೆ 348. ನಮ್ಮ 210 ಮಿಮೀ ಎತ್ತರದ ಹಾಳೆಯನ್ನು 200 ಚುಕ್ಕೆಯ ತೆರೆಗೆ ಹೊಂದಿಸಿದರೆ ಒಂದು ಚುಕ್ಕೆಗೆ ಒಂದು ಮಿಲಿಮೀಟರಿಗಿಂತ ಹೆಚ್ಚು. ಅಲ್ಲಿ ಎರಡು ಗೆರೆ ಕೂಡಿದಂತೆ ಕಂಡರೆ ಅದು ಕೂಡಿದ್ದಕ್ಕೆ ಸಾಕ್ಷಿಯಲ್ಲ.

ಆರಿಸುವುದು, ತಿದ್ದುವುದು

ಒಂದು ವಸ್ತುವನ್ನು ಅಳಿಸಲೋ ಸರಿಸಲೋ ಅದನ್ನು ಮೊದಲು ಆರಿಸಬೇಕು. ಮೌಸ್ ಇಲ್ಲದೆ ಹೇಗೆ? ಎಲ್ ಒತ್ತಿದರೆ ಕೊನೆಗೆ ಬಿಡಿಸಿದ್ದು. ಪಿ ಒತ್ತಿದರೆ ಹಿಂದಿನ ಸಲ ಆರಿಸಿದ್ದೇ ಮತ್ತೆ. ಡಬ್ಲ್ಯೂ ಒತ್ತಿ ಎರಡು ಮೂಲೆ ಕೊಟ್ಟರೆ ಆ ಚೌಕದೊಳಗೆ ಪೂರ್ತಿ ಇರುವುದೆಲ್ಲ. ಸಿ ಒತ್ತಿದರೆ ಚೌಕವನ್ನು ಮುಟ್ಟಿದ್ದೂ ಸೇರಿ. ಮೂಲೆಗಳನ್ನೂ ಟೈಪ್ ಮಾಡಬಹುದು: ಸ್ಲಾಟನ್ನು ಮಾತ್ರ ಆರಿಸಲು ಡಬ್ಲ್ಯೂ, 110,85, ನಂತರ 170,115.

ಇನ್ನೂ ಒಂದಿದೆ, ಹೆಚ್ಚಿನವರಿಗೆ ಹೊಳೆಯುವುದಿಲ್ಲ. ವಸ್ತುವಿನ ಮೇಲಿರುವ ಯಾವುದಾದರೂ ಬಿಂದುವಿನ ಅಂಕಿ ಕೊಟ್ಟರೆ ಅದು ಆಯ್ಕೆಯಾಗುತ್ತದೆ. ಮೊದಲ ತೂತಿನ ಕೇಂದ್ರ 80,70, ತ್ರಿಜ್ಯ 6. ಹಾಗಾದರೆ 86,70 ಅದರ ಗೆರೆಯ ಮೇಲಿರಲೇಬೇಕು. ಕೇಂದ್ರದ ಅಂಕಿ ಕೊಟ್ಟರೆ ಏನೂ ಸಿಗುವುದಿಲ್ಲ; ಅಲ್ಲಿ ಗೆರೆ ಇಲ್ಲವಲ್ಲ.

ಕಾಪಿ, ಮೂವ್ ಕಮಾಂಡ್‌ಗಳಿಗೆ ಎರಡು ಬಿಂದು ಬೇಕು. ಮೊದಲ ಬಿಂದುವಿನ ಜಾಗದಲ್ಲಿ 120,0 ಎಂದು ಕೊಟ್ಟು ಎರಡನೆಯದಕ್ಕೆ ಬರಿಯ ಎಂಟರ್ ಒತ್ತಿದರೆ, ಆ ಅಂಕಿಯನ್ನೇ ಸರಿಯಬೇಕಾದ ದೂರ ಎಂದು ಅದು ತಿಳಿದುಕೊಳ್ಳುತ್ತದೆ. ಇಲ್ಲಿ @ ಹಾಕಬೇಡಿ.

ಎರೇಸ್ ಮಾಡಿದ್ದು ತಪ್ಪಾದರೆ ಊಪ್ಸ್ ಎಂದು ಟೈಪ್ ಮಾಡಿ, ಕೊನೆಗೆ ಅಳಿಸಿದ್ದು ಮರಳುತ್ತದೆ. ಇಂಥ ಹೆಸರಿನ ಕಮಾಂಡ್ ಇಟ್ಟವರಿಗೆ ಬಳಸುವವರ ಪಾಡು ಗೊತ್ತಿತ್ತು.

ತೆರೆಗಾಗಿ ಕಾಯುವುದು

ಅಂದಿನ ಕೆಲಸದ ವೇಗ ತೀರ್ಮಾನವಾಗುತ್ತಿದ್ದದ್ದು ಕೈಯಿಂದಲ್ಲ, ತೆರೆ ಮತ್ತೆ ಬಿಡಿಸಿಕೊಳ್ಳುವ ಸಮಯದಿಂದ. ರೀಡ್ರಾ ಎಂದರೆ ಸಿದ್ಧವಿರುವ ಗೆರೆಗಳನ್ನು ತೆರೆಗೆ ಮತ್ತೆ ಹಾಕುವುದು, ಬೇಗ ಮುಗಿಯುತ್ತದೆ. ರೀಜೆನ್ ಎಂದರೆ ಇಡೀ ಡ್ರಾಯಿಂಗ್‌ನ ಲೆಕ್ಕವನ್ನು ಮೊದಲಿನಿಂದ ಮಾಡುವುದು. ದಶಮಾಂಶದ ಲೆಕ್ಕಕ್ಕೆಂದೇ ಇದ್ದ 8087 ಚಿಪ್ ಇಲ್ಲದ ಪಿಸಿಯಲ್ಲಿ, ದೊಡ್ಡ ಡ್ರಾಯಿಂಗ್ ಆದರೆ, ಎದ್ದು ಓಡಾಡಿ ಬರಬಹುದಾಗಿತ್ತು. ಝೂಮ್‌ನ ಎ ಆಯ್ಕೆ ಪ್ರತಿ ಸಲ ರೀಜೆನ್ ಮಾಡಿಸುತ್ತಿತ್ತು. ಅದನ್ನು ಅನಾವಶ್ಯಕವಾಗಿ ಯಾರೂ ಮುಟ್ಟುತ್ತಿರಲಿಲ್ಲ.

ಹಾಗಾಗಿ ಕೆಲವು ರೂಢಿಗಳು ಬೆಳೆದವು, ಇಂದಿನ ಭಾರೀ ಫೈಲ್‌ಗಳಿಗೂ ಇವು ಸಲ್ಲುತ್ತವೆ. ಪದೇ ಪದೇ ಹೋಗುವ ಜಾಗಗಳಿಗೆ ವ್ಯೂ ಕಮಾಂಡಿನಿಂದ ಹೆಸರಿಟ್ಟುಕೊಂಡು ಹೆಸರಿನಿಂದಲೇ ಅಲ್ಲಿಗೆ ಹೋಗುವುದು. ಬೇಡದ ಲೇಯರನ್ನು ಆಫ್ ಮಾಡುವ ಬದಲು ಫ್ರೀಜ್ ಮಾಡುವುದು: ಆಫ್ ಆದದ್ದು ಕಾಣುವುದಿಲ್ಲ, ಆದರೆ ಲೆಕ್ಕದಲ್ಲಿರುತ್ತದೆ, ಫ್ರೀಜ್ ಆದದ್ದು ಲೆಕ್ಕದಿಂದಲೇ ಹೊರಗೆ. ಕ್ಯೂಟೆಕ್ಸ್ಟ್ ಆನ್ ಮಾಡಿ ಅಕ್ಷರಗಳ ಜಾಗದಲ್ಲಿ ಬರಿಯ ಚೌಕ ತೋರಿಸುವುದು. ಅಕ್ಷರಗಳನ್ನೂ ಅಳತೆಗಳನ್ನೂ ಕಟ್ಟಕಡೆಗೆ ಹಾಕುವುದು.

ಟ್ಯಾಬ್ಲೆಟ್ ಇದ್ದರೆ

ಡಿಜಿಟೈಸರ್ ಟ್ಯಾಬ್ಲೆಟ್ ಒಂದು ಚಪ್ಪಟೆ ಹಲಗೆ. ಒಳಗೆ ತಂತಿಗಳ ಜಾಲ, ಮೇಲೆ ಪಕ್ ಎಂಬ ಗುಂಡಿಗಳಿರುವ ಸಾಧನ, ಅದರ ಮುಂತುದಿಯ ಗಾಜಿನಲ್ಲಿ ಕೂಡು ಗೆರೆ. ನೋಡಲು ಮೌಸ್‌ನಂತಿದ್ದರೂ ನಡತೆ ಬೇರೆ. ಮೌಸ್ ಎಷ್ಟು ಸರಿದೆ ಎಂದಷ್ಟೇ ಹೇಳುತ್ತದೆ. ಪಕ್ ಹಲಗೆಯ ಮೇಲೆ ಎಲ್ಲಿದ್ದೇನೆ ಎಂದು ಹೇಳುತ್ತದೆ. ಎತ್ತಿ ಬೇರೆಡೆ ಇಟ್ಟರೆ ಕರ್ಸರ್ ಅಲ್ಲಿಗೇ ಹಾರುತ್ತದೆ.

ಇದರಿಂದ ಎರಡು ಉಪಯೋಗ. ಹಲಗೆಯ ಮೇಲೆ ಕಮಾಂಡ್‌ಗಳ ಚೌಕಗಳನ್ನು ಅಚ್ಚು ಹಾಕಿದ ಹಾಳೆಯನ್ನು ಅಂಟಿಸಿ, ಟ್ಯಾಬ್ಲೆಟ್ ಕಮಾಂಡಿನ ಸಿಎಫ್‌ಜಿ ಆಯ್ಕೆಯಿಂದ ಆ ಚೌಕಗಳ ಜಾಗ ತಿಳಿಸಿದರೆ, ಚೌಕ ಮುಟ್ಟಿದ ಕೂಡಲೇ ಕಮಾಂಡ್. ನಾಲ್ಕು ಮೆನು ಪ್ರದೇಶ, ಜೊತೆಗೆ ತೆರೆಗೆ ಹೊಂದುವ ಒಂದು ಪ್ರದೇಶ. ಪ್ರತಿ ಮೆನುವಿಗೂ ಮೇಲಿನ ಎಡ, ಕೆಳಗಿನ ಎಡ, ಕೆಳಗಿನ ಬಲ ಮೂಲೆಗಳನ್ನು ಇದೇ ಕ್ರಮದಲ್ಲಿ ಒತ್ತಿ, ಕಂಬಸಾಲು ಎಷ್ಟು ಅಡ್ಡಸಾಲು ಎಷ್ಟು ಎಂದು ಹೇಳಬೇಕು. ಹಾಳೆ ಕದಲಿತೋ, ಮತ್ತೆ ಮೊದಲಿನಿಂದ.

ಎರಡನೆಯದು ಹಳೆಯ ಕಾಗದದ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸುವುದು. ನಕ್ಷೆಯನ್ನು ನಾಲ್ಕೂ ಮೂಲೆಗೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ. ಟ್ಯಾಬ್ಲೆಟ್ ಕಮಾಂಡಿನ ಸಿಎಎಲ್ ಆಯ್ಕೆ ಕೊಟ್ಟು, ಅಳತೆ ಗೊತ್ತಿರುವ ಎರಡು ಬಿಂದುಗಳನ್ನು ಒತ್ತಿ ಅವುಗಳ ನಿಜ ನಿರ್ದೇಶಾಂಕ ಟೈಪ್ ಮಾಡಿ. ಆ ಎರಡು ಒಂದರಿಂದೊಂದು ಆದಷ್ಟು ದೂರವಿರಲಿ. ಅಷ್ಟಕ್ಕೇ ಶುರು ಮಾಡಬೇಡಿ. ಅಳತೆ ಗೊತ್ತಿರುವ ಮೂರನೆಯ ಬಿಂದುವನ್ನು ಐಡಿ ಕಮಾಂಡಿನಿಂದ ಒತ್ತಿ ನೋಡಿ. ಕಾಗದ ತೇವಕ್ಕೆ ಹಿಗ್ಗುತ್ತದೆ, ಅದೂ ಎರಡು ದಿಕ್ಕಿಗೆ ಒಂದೇ ಸಮನಾಗಿ ಅಲ್ಲ. ಎರಡು ಬಿಂದುಗಳ ಹೊಂದಾಣಿಕೆ ಈ ಸೊಟ್ಟವನ್ನು ಸರಿಪಡಿಸಲಾರದು. ಮೂರನೆಯದು ದೂರ ತಪ್ಪಿದರೆ ನಕ್ಷೆಯನ್ನು ತುಂಡು ತುಂಡಾಗಿ, ಪ್ರತಿ ತುಂಡಿಗೂ ಬೇರೆ ಹೊಂದಾಣಿಕೆ ಮಾಡಿ ಇಳಿಸಬೇಕು.

ಟೈಪ್ ಮಾಡಿದ್ದನ್ನು ಉಳಿಸಿಕೊಳ್ಳುವುದು

ಕೀಬೋರ್ಡಿನ ಕೆಲಸಕ್ಕೆ ಇರುವ ದೊಡ್ಡ ಅನುಕೂಲ: ಮಾಡಿದ್ದೆಲ್ಲ ಬರಹ. ಮೇಲಿನ ಸಾಲುಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದು ಎಸ್‌ಸಿಆರ್ ಎಂಬ ಬಾಲ ಕೊಟ್ಟು ಉಳಿಸಿ. ಸ್ಕ್ರಿಪ್ಟ್ ಕಮಾಂಡ್ ಕೊಟ್ಟು ಆ ಫೈಲ್ ತೋರಿಸಿದರೆ ಇಡೀ ಪಟ್ಟಿ ತಾನಾಗಿ ಬಿಡಿಸಿಕೊಳ್ಳುತ್ತದೆ. ನಾಳೆ 160 ರ ಬದಲು 180 ಬೇಕೆಂದರೆ ಸಂಬಂಧಪಟ್ಟ ಅಂಕಿಗಳನ್ನು ತಿದ್ದಿ ಮತ್ತೆ ಓಡಿಸುವುದು.

ಸ್ಕ್ರಿಪ್ಟ್ ಕೆಟ್ಟರೆ ಕಾರಣ ನೂರಕ್ಕೆ ತೊಂಬತ್ತು ಪಾಲು ಕಾಣದ ಜಾಗಗಳು. ಸಾಲಿನ ಕೊನೆಯಲ್ಲಿ ಉಳಿದ ಒಂದು ಸ್ಪೇಸ್ ಕೂಡ ಎಂಟರ್ ಆಗುತ್ತದೆ, ಖಾಲಿ ಸಾಲೂ ಎಂಟರ್. ಬೇಕಾದ ಕಡೆ ಇದನ್ನೇ ಬಳಸಿಕೊಳ್ಳಿ: ಸ್ಲಾಟ್‌ನ ಕಮಾಂಡ್ ಪಟ್ಟಿಯಲ್ಲಿ ಬರಿಯ ಎಂಟರ್, ಇನ್ನೊಂದು ಎಂಟರ್ ಎಂದ ಕಡೆಯೆಲ್ಲ ಒಂದು ಖಾಲಿ ಸಾಲು ಬಿಡಿ. ಇಂದಿನ ಆವೃತ್ತಿಯಲ್ಲಿ ಓಡಿಸುವ ಮೊದಲು ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ (ಹತ್ತಿರದ ವಸ್ತುವಿನ ಬಿಂದುವಿಗೆ ಅಂಟುವ ಸೌಲಭ್ಯ) ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಕೊಟ್ಟ ಬಿಂದು ಪಕ್ಕದ ಯಾವುದೋ ಮೂಲೆಗೆ ಅಂಟಿಕೊಳ್ಳಬಹುದು. ಲೆಕ್ಕ ಮಾಡಿ ಬಿಡಿಸುವ ಕೆಲಸಗಳಿಗೆ 1986ರ ಹೊತ್ತಿಗೆ ಆಟೋಕ್ಯಾಡ್ ಒಳಗೇ ಪ್ರೋಗ್ರಾಂ ಬರೆಯುವ ಆಟೋಲಿಸ್ಪ್ ಎಂಬ ಭಾಷೆ ಬಂತು. ಅದು ಬೇರೆಯದೇ ಲೇಖನದ ವಿಷಯ.

ಪರೀಕ್ಷೆ, ಆಮೇಲೆ ಕಾಗದ

ತೆರೆಯನ್ನು ನಂಬುವಂತಿಲ್ಲವಾದ್ದರಿಂದ ಪರೀಕ್ಷೆಯೂ ಅಂಕಿಯಿಂದಲೇ. ಏರಿಯಾ ಕಮಾಂಡ್ ಕೊಟ್ಟು ಐದು ಮೂಲೆಗಳನ್ನು ಟೈಪ್ ಮಾಡಿ. ವಿಸ್ತೀರ್ಣ 15550, ಸುತ್ತಳತೆ 502.4264 ಬರಬೇಕು. ಕಾಗದದ ಲೆಕ್ಕವೂ ಅಷ್ಟೇ: 160 ಗುಣಿಸು 100, ಅದರಲ್ಲಿ ಕತ್ತರಿಸಿದ ಮೂಲೆಯ 450 ಕಳೆ. ಇದು ನೀವು ಬರೆದಿಟ್ಟ ಅಂಕಿಗಳಿಗೆ ಪರೀಕ್ಷೆ. ಬಿಡಿಸಿದ ಗೆರೆಗಳಿಗೆ ಲಿಸ್ಟ್ ಕಮಾಂಡ್ ಕೊಟ್ಟು ಒಂದೊಂದರ ತುದಿಗಳನ್ನು ಓದಿ, ಕಚ್ಚಾ ಹಾಳೆಯ ಜೊತೆ ಟಿಕ್ ಹಾಕುತ್ತಾ ಹೋಗಿ. ಅಳತೆ ಹಾಕುವಾಗ ಆಟೋಕ್ಯಾಡ್ ತಾನಾಗಿ ಅಳೆದು ತೋರಿಸುವ ಅಂಕಿಯನ್ನೇ ಒಪ್ಪಿಕೊಳ್ಳಿ. ಅದು ತಪ್ಪಾಗಿದ್ದರೆ ಗೆರೆಯನ್ನು ತಿದ್ದಬೇಕೇ ಹೊರತು, ಅಂಕಿಯ ಮೇಲೆ ಬೇರೆ ಅಂಕಿ ಟೈಪ್ ಮಾಡಬಾರದು.

ಸೇವ್ ಆಗಾಗ ಮಾಡಿ. ಪ್ರತಿ ಸೇವ್‌ನಲ್ಲೂ ಹಿಂದಿನ ಪ್ರತಿ ಬಿಎಕೆ ಎಂಬ ಬಾಲದೊಂದಿಗೆ ಉಳಿಯುತ್ತದೆ. ಫೈಲ್ ಕೆಟ್ಟರೆ ಅದರ ಬಾಲವನ್ನು ಡಿಡಬ್ಲ್ಯೂಜಿ ಎಂದು ಬದಲಿಸಿ ತೆರೆಯಬಹುದು.

ಪೆನ್ ಪ್ಲಾಟರ್‌ನಲ್ಲಿ ನಿಜವಾದ ಪೆನ್ನುಗಳಿರುತ್ತವೆ. ಎಚ್‌ಪಿ 7475ಎ ಮಾದರಿಯಲ್ಲಿ ಆರು. ಆಟೋಕ್ಯಾಡ್‌ನಲ್ಲಿ ಕೆಂಪು 1, ಹಳದಿ 2, ಹಸಿರು 3 ಎಂದು ಬಣ್ಣಗಳಿಗೆ ಸಂಖ್ಯೆ ಇದೆ. ಯಾವ ಬಣ್ಣಕ್ಕೆ ಯಾವ ಪೆನ್ನು ಎಂದು ಪ್ಲಾಟ್ ಕಮಾಂಡಿಗೆ ಹೇಳಿದರೆ ಹೊರಗೆರೆಗೆ ದಪ್ಪ ಪೆನ್ನು, ಅಳತೆಗೆ ತೆಳು ಪೆನ್ನು ತಾನಾಗಿ ಬರುತ್ತದೆ. ಒಂದೇ ಬಣ್ಣದ ತೆರೆಯಲ್ಲೂ ಲೇಯರ್ ಬಣ್ಣಗಳನ್ನು ಬೇರೆ ಇಟ್ಟದ್ದು ಇದಕ್ಕೇ. ಅಂತಿಮ ಹಾಳೆಗೆ ಮೊದಲು ಸಾದಾ ಕಾಗದದಲ್ಲಿ, ಅಥವಾ ಪಿಆರ್‌ಪ್ಲಾಟ್ ಕಮಾಂಡಿನಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು ನೋಡುವುದು ವಾಡಿಕೆ. ಪ್ಲಾಟ್ ಓಡುತ್ತಿರುವಷ್ಟು ಹೊತ್ತು ಡಾಸ್ ಪಿಸಿಯಲ್ಲಿ ಬೇರೆ ಕೆಲಸ ಆಗುತ್ತಿರಲಿಲ್ಲ.

ಸ್ಕೇಲ್ ಕೇಳಿದಾಗ 1=1 ಎಂದು ಕೊಡಿ. ಎಫ್ ಒತ್ತಿದರೆ ಡ್ರಾಯಿಂಗ್ ಹಾಳೆಗೆ ಚೆನ್ನಾಗಿ ಹೊಂದಿಕೊಂಡು ಬರುತ್ತದೆ, ಆದರೆ ಯಾವ ಸ್ಕೇಲಿನಲ್ಲೂ ಇರುವುದಿಲ್ಲ. ಹಾಳೆ ಹೊರಬಂದ ಮೇಲೆ ಉಕ್ಕಿನ ಅಳತೆ ಪಟ್ಟಿಯಿಂದ 160 ರ ಕೆಳ ಅಂಚನ್ನೂ 100 ರ ಎಡ ಅಂಚನ್ನೂ ಅಳೆಯಿರಿ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸ್ಕೇಲ್ ಅಥವಾ ಎಫ್ ಕಾರಣ. ಒಂದು ಮಾತ್ರ ತಪ್ಪಿದ್ದರೆ ಕಾಗದ ಜಾರಿದೆಯೇ, ಪ್ಲಾಟರ್‌ನ ಹೊಂದಾಣಿಕೆ ತಪ್ಪಿದೆಯೇ ಎಂದು ನೋಡಿ, ಇನ್ನೊಂದು ಹಾಳೆ ಹಾಕಿ.